ಯಜಮಾನರಿಗೆ 55, ಗಾಡಿಗೆ 10

ಡಿಸೆಂಬರ್ ಬಂತೆಂದರೆ ಅಮೆರಿಕದ ಅಯೋವಾ ರಾಜ್ಯದಲ್ಲಿ ಮೂಳೆ ಕೊರೆಯುವ ಚಳಿ. ಹೊಲ, ರಸ್ತೆ, ಮನೆಯ ಮಾಡು ಎಲ್ಲವೂ ಹಿಮದಡಿ ಸೇರುತ್ತವೆ. ಇದರಿಂದ ತಪ್ಪಿಸಿಕೊಳ್ಳಲು ಉತ್ತರದ ರಾಜ್ಯಗಳ ಸಾವಿರಾರು ವೃದ್ಧರು ಪ್ರತಿ ವರ್ಷ ದಕ್ಷಿಣದ ಬಿಸಿಲು ನಾಡಿಗೆ ಹೊರಡುತ್ತಾರೆ. ಅಲ್ಲಿಯವರು ಇವರನ್ನು 'ಹಿಮದ ಹಕ್ಕಿಗಳು' ಎಂದೇ ಕರೆಯುತ್ತಾರೆ. ಹಕ್ಕಿಗೂ ಇವರಿಗೂ ಒಂದೇ ವ್ಯತ್ಯಾಸ. ಹಕ್ಕಿ ಗೂಡನ್ನು ಬಿಟ್ಟು ಹೋಗುತ್ತದೆ. ಇವರು ಗೂಡನ್ನೂ ಜತೆಯಲ್ಲೇ ಕೊಂಡೊಯ್ಯುತ್ತಾರೆ.

ಆ ಗೂಡಿನ ಹೆಸರು 'ಆರ್.ವಿ.'. ರಿಕ್ರಿಯೇಷನಲ್ ವೆಹಿಕಲ್, ಅಂದರೆ ವಿಹಾರದ ವಾಹನ. ಬಸ್ಸಿನಂಥ ಗಾಡಿಯೊಳಗೆ ಮಂಚ, ಒಲೆ, ಫ್ರಿಜ್ಜು, ಬಚ್ಚಲು, ಪಾಯಿಖಾನೆ ಎಲ್ಲವೂ ಉಂಟು. ತಾನೇ ಓಡುವುದಾದರೆ ಅದು ಮೋಟಾರ್ ಹೋಮ್. ಇನ್ನೊಂದು ವಾಹನ ಎಳೆದೊಯ್ಯುವುದಾದರೆ ಟ್ರೇಲರ್. ಇವುಗಳನ್ನು ನಿಲ್ಲಿಸಲು ಊರೂರಿನಲ್ಲೂ ಖಾಸಗಿ ಆರ್.ವಿ. ಪಾರ್ಕುಗಳಿವೆ. ಬಾಡಿಗೆ ಕೊಟ್ಟರೆ ಜಾಗ, ಕರೆಂಟು, ನಲ್ಲಿ ನೀರು, ಕೊಳಕು ನೀರು ಬಿಡಲು ಚರಂಡಿಯ ಸಂಪರ್ಕ ಎಲ್ಲವೂ ಸಿಗುತ್ತವೆ.

ಇಂಥ ಗಾಡಿಯಲ್ಲಿ ಹೊರಟ ಒಂದು ಜೋಡಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಯಜಮಾನರಿಗೆ 71, ಅವರ ಹೆಂಡತಿಗೆ 68. ಊರಿನ ಮನೆ ಮಾರಿ ಸಾಲ ತೀರಿಸಿದ್ದಾಗಿದೆ. ಈಗ ಅವರಿಗಿರುವುದು ಪಿಂಚಣಿ ಮತ್ತು 1994ರ ಒಂದು ಮೋಟಾರ್ ಹೋಮ್, ಅಷ್ಟೆ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಿ, ಒಂದು ಸಂಜೆ ಅರಿಜೋನಾದ ಫೀನಿಕ್ಸ್ ನಗರದ ಹೊರವಲಯದ ಪಾರ್ಕೊಂದರ ಬಾಗಿಲಿಗೆ ಬಂದು ನಿಂತಿದ್ದಾರೆ. ಕಚೇರಿಯ ಹುಡುಗಿ ನಗುನಗುತ್ತಲೇ ಎರಡು ಪ್ರಶ್ನೆ ಕೇಳುತ್ತಾಳೆ.

"ನಿಮ್ಮಿಬ್ಬರಲ್ಲಿ ಒಬ್ಬರಿಗಾದರೂ 55 ತುಂಬಿದೆಯೇ?"

"ತುಂಬಿ 16 ವರ್ಷವಾಯಿತಮ್ಮ" ಎನ್ನುತ್ತಾರೆ ಯಜಮಾನರು.

"ಗಾಡಿ ಯಾವ ವರ್ಷದ್ದು?"

"1994."

ಹುಡುಗಿಯ ನಗೆ ಅಲ್ಲಿಗೇ ನಿಲ್ಲುತ್ತದೆ. "ಕ್ಷಮಿಸಿ ಸಾರ್. 10 ವರ್ಷ ದಾಟಿದ ಗಾಡಿಗಳನ್ನು ಒಳಗೆ ಬಿಡುವುದಿಲ್ಲ."

"ಒಂದು ಸಲ ಹೊರಗೆ ಬಂದು ನೋಡಮ್ಮ."

"ನೋಡಿದರೂ ಬಿಡುವ ಅಧಿಕಾರ ನನಗಿಲ್ಲ ಸಾರ್."

ಮನುಷ್ಯರಿಗೆ 55 ದಾಟಿರಲೇಬೇಕು, ಗಾಡಿಗೆ 10 ದಾಟಿರಲೇಬಾರದು! ಇದು ಕಟ್ಟುಕತೆಯ ನಿಯಮವಲ್ಲ. ಮೊದಲನೆಯದಕ್ಕೆ ಕಾನೂನಿನ ಆಸರೆಯಿದೆ. ಮಕ್ಕಳಿದ್ದಾರೆಂಬ ಕಾರಣಕ್ಕೆ ಯಾರಿಗೂ ಮನೆ ನಿರಾಕರಿಸಬಾರದೆಂದು ಅಮೆರಿಕ 1988ರಲ್ಲಿ ಕಾನೂನು ಮಾಡಿತು. ಹಿರಿಯರಿಗೆಂದೇ ಇರುವ ವಸತಿಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ನೂರಕ್ಕೆ 80 ಮನೆಗಳಲ್ಲಿ 55 ತುಂಬಿದವರು ಒಬ್ಬರಾದರೂ ಇದ್ದರೆ ಸಾಕೆಂದು 1995ರ ಕಾನೂನು ಹೇಳುತ್ತದೆ. ಎರಡನೆಯ ನಿಯಮಕ್ಕೆ ಯಾವ ಕಾನೂನೂ ಇಲ್ಲ. ಅದು ಪಾರ್ಕಿನ ಮಾಲೀಕರು ತಾವೇ ಮಾಡಿಕೊಂಡದ್ದು. ಎಲ್ಲ ಪಾರ್ಕುಗಳಲ್ಲೂ ಅದಿಲ್ಲ. ಇರುವ ಕಡೆಯೂ ಕೆಲವರು ಗಾಡಿಯ ಫೋಟೋ ತರಿಸಿಕೊಂಡು, ಚೆನ್ನಾಗಿದ್ದರೆ ಬಿಡುತ್ತಾರೆ. ಕೆಲವರು ಬಿಡುವುದೇ ಇಲ್ಲ.

ವರ್ಷವನ್ನು ಸುಳ್ಳು ಹೇಳಿದರಾಯಿತಲ್ಲ ಎಂದು ತುಂಟ ಹುಡುಗರು ಕೇಳಬಹುದು. ಆಗುವುದಿಲ್ಲ. 1981ರಿಂದೀಚೆಗೆ ಅಮೆರಿಕದ ಪ್ರತಿಯೊಂದು ವಾಹನಕ್ಕೂ 17 ಅಕ್ಷರ ಹಾಗೂ ಅಂಕಿಗಳ ಗುರುತಿನ ಸಂಖ್ಯೆಯೊಂದು ಇರುತ್ತದೆ. ಅದರಲ್ಲಿ ಹತ್ತನೆಯದು ವಾಹನದ ವರ್ಷವನ್ನು ಹೇಳುತ್ತದೆ. 1994ಕ್ಕೆ 'ಆರ್', 1995ಕ್ಕೆ 'ಎಸ್'. ಇಂಗ್ಲಿಷಿನ 26 ಅಕ್ಷರಗಳಲ್ಲಿ ಗೊಂದಲ ಹುಟ್ಟಿಸುವ ಐದನ್ನು ಬಿಟ್ಟರೆ 21 ಉಳಿಯುತ್ತವೆ. ಅದಕ್ಕೆ 1ರಿಂದ 9ರವರೆಗಿನ ಅಂಕಿಗಳನ್ನು ಕೂಡಿಸಿದರೆ 30. ಆದ್ದರಿಂದ 60 ವರ್ಷಕ್ಕೊಮ್ಮೆ ಪ್ರಭವ ಸಂವತ್ಸರ ಮರಳಿ ಬರುವ ಹಾಗೆ, ಇಲ್ಲಿ 30 ವರ್ಷಕ್ಕೊಮ್ಮೆ ಅದೇ ಅಕ್ಷರ ಮರಳುತ್ತದೆ. 2024ರ ಗಾಡಿಗೂ 'ಆರ್' ಅಕ್ಷರವೇ. ಯಜಮಾನರ ಗಾಡಿಗೂ ಆ ಗಾಡಿಗೂ ಅಕ್ಷರ ಒಂದೇ ಆದರೂ ಎರಡನ್ನೂ ಕಂಡವರು ಯಾರೂ ಮೋಸಹೋಗಲಾರರು.

ಹಾಗೆಂದು ಪಾರ್ಕಿನ ಮಾಲೀಕರನ್ನು ದೂರಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಅವರ ಕಷ್ಟವೂ ಕಷ್ಟವೇ. ಹಳೆಯ ಗಾಡಿಯೊಂದು ಕೆಟ್ಟು ನಿಂತರೆ ಅದನ್ನು ಕದಲಿಸುವುದು ಯಾರು? ಬಾಡಿಗೆ ಬಾಕಿ ಉಳಿಸಿ, ಗಾಡಿಯನ್ನು ಅಲ್ಲೇ ಬಿಟ್ಟು ಹೋಗುವವರೂ ಇದ್ದಾರೆ. ಒಂದರ ಕೊಳಕು ನೀರಿನ ತೊಟ್ಟಿ ಸೋರಿದರೆ ಸಾಲಿನವರೆಲ್ಲ ಮೂಗು ಮುಚ್ಚಿಕೊಳ್ಳಬೇಕು. ಬೆಂಕಿ ಬಿದ್ದರಂತೂ ಕೆಲವೇ ಮೀಟರ್ ಆಚೆ ನಿಂತಿರುವ ಪಕ್ಕದ ಗಾಡಿಗೂ ಆಪತ್ತು. ಸಾಲು ಸಾಲು ಹೊಳೆಯುವ ಗಾಡಿಗಳಿದ್ದರೆ ಹೊಸ ಗಿರಾಕಿಗಳು ಬರುತ್ತಾರೆಂಬ ವ್ಯಾಪಾರದ ಲೆಕ್ಕವೂ ಇದೆ.

ಗಾಡಿಗೆ ನಿಜವಾಗಿಯೂ ಮುಪ್ಪು ಬರುತ್ತದೆ. ಆದರೆ ಅದು ಬರುವ ಬಗೆಯನ್ನು ಸ್ವಲ್ಪ ನೋಡಬೇಕು.

ಮೊದಲು ಮಾಡು. ಅನೇಕ ಆರ್.ವಿ.ಗಳ ಮಾಡಿಗೆ ರಬ್ಬರಿನ ಹಾಳೆ ಹೊದಿಸಿರುತ್ತಾರೆ. ಗಾಳಿಕಿಂಡಿ, ಕೊಳವೆಗಳಿರುವ ಕಡೆ ಸಂದಿಗೆ ಮೇಣದಂಥ ಅಂಟು ಮೆತ್ತಿರುತ್ತಾರೆ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿ ಆ ಅಂಟು ಬಿರುಕು ಬಿಡುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು, ಮಳೆನೀರು ಒಳಗಿನ ಪ್ಲೈವುಡ್ಡಿಗೆ ಇಳಿಯುತ್ತದೆ. ಪದರಗಳು ಬಿಟ್ಟುಕೊಂಡು ಮರ ಕೊಳೆಯುತ್ತದೆ. ವರ್ಷಕ್ಕೊಮ್ಮೆ ಏಣಿ ಹತ್ತಿ ಅಂಟು ಮೆತ್ತುವವನ ಗಾಡಿ 30 ವರ್ಷ ಬಾಳುತ್ತದೆ. ಏಣಿ ಹತ್ತದವನ ಗಾಡಿ ಐದೇ ವರ್ಷಕ್ಕೆ ಒಳಗಿನಿಂದ ಕೊಳೆಯಬಹುದು, ಹೊರಗಿನ ಬಣ್ಣ ಮಾತ್ರ ಫಳಫಳ ಎನ್ನುತ್ತಿರುತ್ತದೆ. ಹೊರಗೆ ಥಳುಕು ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಎರಡನೆಯದು ಫ್ರಿಜ್ಜು. ಆರ್.ವಿ.ಗಳಲ್ಲಿ ಬಹುಕಾಲ ಬಳಕೆಯಲ್ಲಿರುವುದು ಗ್ಯಾಸಿನ ಉರಿಯಿಂದ ತಂಪು ಮಾಡುವ ಫ್ರಿಜ್ಜು. ಬೆಂಕಿಯಿಂದ ತಂಪು ಎಂದರೆ ಮಕ್ಕಳು ನಗಬಹುದು. ಆದರೆ 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಇದನ್ನು ಮಾಡಿ ತೋರಿಸಿದರು. ಮೊಹರು ಮಾಡಿದ ಕೊಳವೆಗಳೊಳಗೆ ಅಮೋನಿಯ, ನೀರು, ಹೈಡ್ರೋಜನ್ ಇರುತ್ತವೆ. ಉರಿಯ ಶಾಖಕ್ಕೆ ಅಮೋನಿಯ ನೀರಿನಿಂದ ಬೇರ್ಪಟ್ಟು, ದ್ರವವಾಗಿ, ಮುಂದೆ ಹೈಡ್ರೋಜನ್ ಇರುವಲ್ಲಿ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ತಿರುಗುವ ಭಾಗ ಒಂದೂ ಇಲ್ಲ, ಸದ್ದೂ ಇಲ್ಲ. ಆದರೆ ಕೊಳವೆ ಸೀಳಿತೆಂದರೆ ಉರಿಯ ಪಕ್ಕದಲ್ಲೇ ಹೈಡ್ರೋಜನ್! ಮಾಲೀಕರ ಭಯಕ್ಕೆ ಕಾರಣವಿಲ್ಲದಿಲ್ಲ.

ಮೂರನೆಯದು ಟೈರು. ಆರ್.ವಿ. ವರ್ಷದಲ್ಲಿ ಹೆಚ್ಚು ದಿನ ನಿಂತೇ ಇರುತ್ತದೆ. ಓಡದ ಟೈರು ಸವೆಯುವುದಿಲ್ಲ, ನಿಜ. ಆದರೆ ಗಾಳಿಯ ಆಮ್ಲಜನಕ, ಓಜೋನ್ ಮತ್ತು ಬಿಸಿಲು ಸೇರಿ ರಬ್ಬರಿನ ಉದ್ದನೆಯ ಅಣುಸರಪಣಿಗಳನ್ನು ಹಾಳುಗೆಡವುತ್ತವೆ. ರಬ್ಬರು ಗಡುಸಾಗಿ ಬಿರುಕು ಬಿಡುತ್ತದೆ. ಮೇಲಿನ ಗೆರೆಗಳು ಹೊಸದರಂತಿದ್ದರೂ ಟೈರು ಹೆದ್ದಾರಿಯಲ್ಲಿ ಒಡೆಯುತ್ತದೆ. ಹಾಗಾಗಿ ಸವೆಯದಿದ್ದರೂ 10 ವರ್ಷದೊಳಗೆ ಬದಲಿಸಿ ಎಂದು ಹಲವು ತಯಾರಕರೇ ಹೇಳುತ್ತಾರೆ. ಟೈರಿಗೆ 10 ವರ್ಷದ ಮಿತಿ ಹಾಕಿದರೆ ಅದಕ್ಕೆ ವಿಜ್ಞಾನದ ಒಪ್ಪಿಗೆಯಿದೆ. ಟೈರನ್ನು ಬದಲಿಸಿದ ಗಾಡಿಗೂ ಅದೇ ಮಿತಿ ಹಾಕಿದರೆ?

ಎಲ್ಲ ವಸ್ತುವಿಗೂ ಒಂದೇ ವೇಗದಲ್ಲಿ ಮುಪ್ಪು ಬರುವುದಿಲ್ಲ. 1931ರಲ್ಲಿ ವಾಲಿ ಬೈಯಮ್ ಎಂಬಾತ ಆರಂಭಿಸಿದ 'ಏರ್‌ಸ್ಟ್ರೀಮ್' ಕಂಪನಿಯ ಟ್ರೇಲರುಗಳು ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಮ್ಮಿನವು. ಕಬ್ಬಿಣದ ತುಕ್ಕು ಉದುರುತ್ತ ಒಳಗಿನದನ್ನೂ ತಿನ್ನುತ್ತದೆ. ಅಲ್ಯೂಮಿನಿಯಮ್ಮಿನ ಆಕ್ಸೈಡು ತೆಳು ಪೊರೆಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. 1969ರ ಜುಲೈ 24ರಂದು ಚಂದ್ರನಿಂದ ಮರಳಿದ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಈ ಮೂವರನ್ನು, ರೋಗಾಣು ತಂದಿರಬಹುದೆಂಬ ಅಂಜಿಕೆಯಿಂದ, ಹಡಗಿನ ಮೇಲೆ ಕೂಡಿಹಾಕಿದ್ದು ಮಾರ್ಪಡಿಸಿದ ಒಂದು ಏರ್‌ಸ್ಟ್ರೀಮ್ ಟ್ರೇಲರಿನಲ್ಲೇ. ಅಧ್ಯಕ್ಷ ನಿಕ್ಸನ್ ಕಿಟಕಿಯಾಚೆ ನಿಂತು ಅವರನ್ನು ಮಾತನಾಡಿಸಿದರು. ಅದು ಈಗ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಚೆನ್ನಾಗಿ ನೋಡಿಕೊಂಡ ಹಳೆಯ ಏರ್‌ಸ್ಟ್ರೀಮುಗಳಿಗೆ ಕೆಲವು ಪಾರ್ಕುಗಳು ಹತ್ತು ವರ್ಷದ ನಿಯಮ ಸಡಿಲಿಸುವುದೂ ಉಂಟು. ಅದರ ನೆಲವೂ ಪ್ಲೈವುಡ್ಡೇ, ನೀರಿಳಿದರೆ ಅದೂ ಕೊಳೆಯುತ್ತದೆ ಎಂಬುದು ಬೇರೆ ಮಾತು.

ಯಜಮಾನರ ಗಾಡಿ ಏರ್‌ಸ್ಟ್ರೀಮ್ ಅಲ್ಲ. ಆದರೆ ಅದರ ಟೈರು ಮೂರು ವರ್ಷದ್ದು. ಫ್ರಿಜ್ಜು ಹೊಸದು. ಗ್ಯಾಸು ಸೋರಿದರೆ ಕೂಗುವ ಪೆಟ್ಟಿಗೆ ಹೊಸದು. ಮಾಡಿನ ಅಂಟನ್ನು ಪ್ರತಿ ಶರತ್ಕಾಲದಲ್ಲೂ ಅವರೇ ಮೆತ್ತುತ್ತಾರೆ, ಹೆಂಡತಿ ಕೆಳಗೆ ಏಣಿ ಹಿಡಿಯುತ್ತಾರೆ. ಹೊಸ ಮೋಟಾರ್ ಹೋಮಿಗೆ ಒಂದು ಲಕ್ಷ ಡಾಲರಿಗೂ ಹೆಚ್ಚು ಬೆಲೆಯಿದೆ. ಪಿಂಚಣಿಯಲ್ಲಿ ಬದುಕುವವರು ಹತ್ತು ವರ್ಷಕ್ಕೊಂದು ಮನೆ ಕೊಳ್ಳಲಾದೀತೆ? 2008ರ ಆರ್ಥಿಕ ಕುಸಿತದಲ್ಲಿ ಮನೆ, ಉಳಿತಾಯ ಕಳೆದುಕೊಂಡು ಗಾಡಿಯನ್ನೇ ಮನೆ ಮಾಡಿಕೊಂಡ ಹಿರಿಯರು ಅಮೆರಿಕದಲ್ಲಿ ಬಹಳ ಮಂದಿ. ಜೆಸಿಕಾ ಬ್ರೂಡರ್ 2017ರಲ್ಲಿ ಪ್ರಕಟಿಸಿದ 'ನೊಮ್ಯಾಡ್‌ಲ್ಯಾಂಡ್' ಪುಸ್ತಕ ಅವರನ್ನು ಕುರಿತದ್ದೇ. ಅಂಥವರಿಗೆ 'ಗಾಡಿ ಹಳೆಯದು' ಎಂಬ ಮಾತು 'ನಿಮ್ಮ ಮನೆ ಹಳೆಯದು, ಹೊರಡಿ' ಎಂದಂತೆಯೇ ಕೇಳಿಸುತ್ತದೆ.

ಆ ರಾತ್ರಿ ಇಬ್ಬರೂ ಹೆದ್ದಾರಿ ಬದಿಯ ಲಾರಿ ನಿಲ್ದಾಣದಲ್ಲಿ ಮಲಗುತ್ತಾರೆ. ಮರುದಿನ ಪಶ್ಚಿಮಕ್ಕೆ ಸುಮಾರು 200 ಕಿ.ಮೀ. ಹೋದರೆ ಕ್ವಾರ್ಟ್ಸ್‌ಸೈಟ್ ಎಂಬ ಊರು, ಅದರ ಸುತ್ತ ಮರುಭೂಮಿ. ಅಲ್ಲಿ ಕೇಂದ್ರ ಸರಕಾರದ ಭೂ ಇಲಾಖೆ 1983ರಿಂದ ಚಳಿಗಾಲದ ದೀರ್ಘವಾಸಕ್ಕೆಂದು ಬಯಲನ್ನು ಬಿಟ್ಟುಕೊಟ್ಟಿದೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ, ಶುಲ್ಕ ಕಟ್ಟಿದವರು ಅಲ್ಲಿ ಉಳಿಯಬಹುದು. ಅಲ್ಲಿಯೂ ನಿಯಮವಿದೆ, ಅದರಲ್ಲೂ ಹತ್ತಿದೆ! ಗಾಡಿಯಲ್ಲಿ ಕೊಳಕು ನೀರು ಹಿಡಿದಿಡುವ, ಕನಿಷ್ಠ 10 ಗ್ಯಾಲನ್, ಅಂದರೆ ಸುಮಾರು 38 ಲೀಟರ್ ತೊಟ್ಟಿ ಜೋಡಿಸಿರಬೇಕು. ನೆಲ ಹೊಲಸಾಗಬಾರದು, ಅಷ್ಟೇ ಅದರ ಉದ್ದೇಶ. ಗಾಡಿ ಹುಟ್ಟಿದ ವರ್ಷವನ್ನು ಯಾರೂ ಕೇಳುವುದಿಲ್ಲ.

ಸುಖವೇನೂ ಇಲ್ಲ. ಗಾಡಿಯ ಪಕ್ಕದಲ್ಲಿ ಕರೆಂಟಿಲ್ಲ, ನಲ್ಲಿಯಿಲ್ಲ. ಮಂಡಿನೋವಿನ ಹೆಂಡತಿ ಆಸೆಪಟ್ಟಿದ್ದ ಬಿಸಿನೀರಿನ ಕೊಳ ಫೀನಿಕ್ಸಿನ ಪಾರ್ಕಿನಲ್ಲೇ ಉಳಿಯಿತು. ಆದರೂ ಸಂಜೆ ಇಬ್ಬರೂ ಮಡಿಸುವ ಕುರ್ಚಿ ಹೊರಗೆ ಹಾಕಿ ಕೂರುತ್ತಾರೆ. ಒಂದು ಸಂಖ್ಯೆ ಅವರನ್ನು ಹೊರಗೆ ಹಾಕಿತು, ಇನ್ನೊಂದು ಸಂಖ್ಯೆ ಒಳಗೆ ಕರೆಯಿತು. ಮೊದಲನೆಯದು ಗಾಡಿಯನ್ನು ನೋಡದೆ ಹೇಳಿದ್ದು. ಎರಡನೆಯದನ್ನು ಹೇಳಬೇಕಾದರೆ ಬಗ್ಗಿ ತೊಟ್ಟಿಯನ್ನು ನೋಡಲೇಬೇಕು.

ಕರ್ನಾಟಕದ ಓದುಗರಿಗೆ ಇದು ಹೊಸದಲ್ಲ. 15 ವರ್ಷ ತುಂಬಿದ ಸ್ವಂತ ಕಾರು, ಸ್ಕೂಟರನ್ನು ಆರ್.ಟಿ.ಓ. ಕಚೇರಿಗೆ ಒಯ್ದು ಎಫ್.ಸಿ. ಮಾಡಿಸುವುದು ಎಲ್ಲರಿಗೂ ಗೊತ್ತು. ಪಾಸಾದರೆ ಮತ್ತೆ ಐದು ವರ್ಷ ಓಡಬಹುದು. ಅಲ್ಲಿ ವಯಸ್ಸು ಪರೀಕ್ಷೆಗೆ ಕಾರಣ, ತೀರ್ಪಲ್ಲ. ನಲವತ್ತು ದಾಟಿದವರು ರಕ್ತದೊತ್ತಡ ನೋಡಿಸಿಕೊಳ್ಳಿ ಎಂದು ವೈದ್ಯರು ಹೇಳುವುದೂ ಹೀಗೆಯೇ. ನಲವತ್ತು ದಾಟಿದಿರಿ, ಆದ್ದರಿಂದ ನೀವು ರೋಗಿ ಎಂದು ಯಾವ ವೈದ್ಯರೂ ಹೇಳುವುದಿಲ್ಲ. ಸಂಖ್ಯೆ ಬೇಕು. ಅದು ಎಲ್ಲಿ ನೋಡಬೇಕೆಂದು ಹೇಳುತ್ತದೆ. ನೋಡುವ ಕೆಲಸ ಮಾತ್ರ ಮನುಷ್ಯನದೇ. ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ಕೂತ ತಂದೆ ತಾಯಿಯರಿಗೂ ಈ ಮಾತು ಅಪರಿಚಿತವಾಗಲಾರದು.

ಇನ್ನು ಮಕ್ಕಳಿಗೆ ಒಂದು ಕೆಲಸ. ಮನೆ ಮುಂದೆ ನಿಂತಿರುವ ಸ್ಕೂಟರಿನ ಟೈರಿನ ಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಒಂದು ಕಡೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ, ಆ ಟೈರು 2019ರ 23ನೆಯ ವಾರದಲ್ಲಿ ತಯಾರಾದದ್ದು. ವಯಸ್ಸನ್ನು ಲೆಕ್ಕ ಹಾಕಿ ಅಪ್ಪನಿಗೆ ಹೇಳಿ. ಹೇಳುವ ಮೊದಲು ಟೈರನ್ನೂ ಒಮ್ಮೆ ಮುಟ್ಟಿ, ಬಿರುಕಿದೆಯೇ ಎಂದು ಬೆರಳಾಡಿಸಿ ನೋಡಿ.