ಮೂರು ಊರಿನ ಡಂಗುರ

ನಮ್ಮ ಊರಿನಲ್ಲಿ ಹಿಂದೆ ಡಂಗುರ ಸಾರುವ ಪದ್ಧತಿಯಿತ್ತು. ಕೆರೆಯ ತೂಬು ಎತ್ತುವುದಿರಲಿ, ಮಾರಿಹಬ್ಬಕ್ಕೆ ಸಾರು ಹಾಕುವುದಿರಲಿ, ತಳವಾರನು ತಮಟೆ ಹಿಡಿದು ಕೇರಿ ಕೇರಿ ತಿರುಗಿ ಕೂಗುತ್ತಿದ್ದನೆಂದು ನನ್ನ ಅಜ್ಜ ಹೇಳುತ್ತಿದ್ದರು. ಕಿವಿ ಮಂದವಾದ ಒಬ್ಬ ಮುದುಕಿಯ ಮನೆಯ ಮುಂದೆ ಮಾತ್ರ ಅವನು ನಿಂತು, ಬಾಗಿಲು ಬಡಿದು, ಮತ್ತೊಮ್ಮೆ ಹೇಳಿ ಮುಂದೆ ಹೋಗುತ್ತಿದ್ದನಂತೆ.

ಈ ಮಾತು ನನಗೆ ನೆನಪಾದದ್ದು 2023ರ ಅಕ್ಟೋಬರ್ 12ರಂದು. ನಾನು ಕಡೂರಿಗೆ ಓದಲು ಬಂದ ಮೊದಲನೆಯ ವರ್ಷವದು. ಇತಿಹಾಸದ ತರಗತಿ ನಡೆಯುತ್ತಿತ್ತು. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಇದ್ದಕ್ಕಿದ್ದಂತೆ ಒಂದು ಫೋನು ಕಿರಿಚಿತು. ಅದರ ಹಿಂದೆಯೇ ಹತ್ತು, ಇಪ್ಪತ್ತು. ಫೋನನ್ನು ಮೂಕ ಮಾಡಿ ಚೀಲದಲ್ಲಿಟ್ಟಿದ್ದ ಸಭ್ಯರೂ ಸಿಕ್ಕಿಬಿದ್ದರು. ಗದರಿಸಲು ಬಾಯಿ ತೆರೆದ ನಮ್ಮ ಉಪನ್ಯಾಸಕರ ಜೇಬಿನಿಂದಲೂ ಅದೇ ಆರ್ತನಾದ ಹೊರಟಿತು! ಇದು ಪರೀಕ್ಷೆಗಾಗಿ ದೂರಸಂಪರ್ಕ ಇಲಾಖೆ ಕಳುಹಿಸಿದ ಸಂದೇಶ, ಯಾರೂ ಏನೂ ಮಾಡಬೇಕಾದದ್ದಿಲ್ಲ ಎಂದು ತೆರೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು.

ಸಂಜೆ ತರೀಕೆರೆಯಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ಅಲ್ಲಿಯೂ ಕೂಗಿತ್ತು, ತೊಟ್ಟಿಲಲ್ಲಿದ್ದ ಮಗು ಬೆಚ್ಚಿ ಅತ್ತಿತಂತೆ. ಅಜ್ಜಂಪುರದ ಕಡೆಯ ನಮ್ಮ ಹಳ್ಳಿಯಲ್ಲಿದ್ದ ಅಪ್ಪನನ್ನು ಕೇಳಿದರೆ, "ಇಲ್ಲವಲ್ಲ ಮಗಾ, ನಮ್ಮ ಕಡೆಗೇನು ಡಂಗುರ ಹೊಡೀಲಿಲ್ವಾ?" ಎಂದರು. ನಾನು ನಕ್ಕು ಸುಮ್ಮನಾದೆ. ಆಗ ನಗಬಾರದಾಗಿತ್ತು.

ಬಿ.ಎ. ಓದುವವನಿಗೆ ಈ ವಿಷಯದಲ್ಲಿ ಅಧಿಕಾರವಿಲ್ಲ; ಗ್ರಂಥಾಲಯದಲ್ಲಿ ಓದಿದ್ದನ್ನು ಮತ್ತು ತರೀಕೆರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನಮ್ಮ ಭಾವ ತಿಳಿಸಿದ್ದನ್ನು ಹೇಳುತ್ತೇನೆ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಸ್ಥಾಪಿಸಿದ 'ಆಕಾಶವಾಣಿ'ಯಾಗಲಿ, 1965ರಲ್ಲಿ ಆರಂಭವಾಗಿ ನಮ್ಮ ಅಜ್ಜನಿಗೆ ಕೃಷಿರಂಗ ಕೇಳಿಸಿದ ಭದ್ರಾವತಿ ನಿಲಯವಾಗಲಿ, ಒಂದೇ ಕಂಬದಿಂದ ಊರಿಗೆಲ್ಲ ಕೂಗಿದವು. ಕೇಳುವವರು ಎಷ್ಟಾದರೂ ಕಂಬಕ್ಕೆ ಹೊರೆಯಿಲ್ಲ. ಎಸ್ಸೆಮ್ಮೆಸ್ಸು ಹಾಗಲ್ಲ, ಅದು ಅಂಚೆಯ ಕಾರ್ಡಿನಂತೆ, ಒಬ್ಬೊಬ್ಬರ ಹೆಸರಿಗೆ ಒಂದೊಂದು. ಲಕ್ಷ ಜನಕ್ಕೆ ಲಕ್ಷ ಕಾರ್ಡು. ವಿಪತ್ತಿನ ಗಳಿಗೆಯಲ್ಲಿ ಎಲ್ಲರೂ ಬಂಧುಗಳನ್ನು ಕರೆಯುವಾಗ ದಾರಿ ಇಕ್ಕಟ್ಟಾಗಿ ಕಾರ್ಡುಗಳು ತಡವಾಗುತ್ತವೆ. ಆ ದಿನ ಬಂದದ್ದು 'ಸೆಲ್ ಬ್ರಾಡ್‌ಕಾಸ್ಟ್'. ಗೋಪುರವು ಹೆಸರು ಹಿಡಿಯದೆ ತನ್ನ ಸೀಮೆಗೆಲ್ಲ ಸಾರುತ್ತದೆ, ಮತ್ತೆ ಮತ್ತೆ ಸಾರುತ್ತದೆ. ಫೋನು ಸಂದೇಶದ ಸಂಖ್ಯೆ ನೋಡಿ, ಒಮ್ಮೆ ತೋರಿಸಿದ್ದನ್ನು ಮತ್ತೆ ತೋರಿಸದೆ ಬಿಡುತ್ತದೆ.

ನಾನು ಚಿಕ್ಕವನಾಗಿದ್ದಾಗ ಮಾವನ ಹಳೆಯ ಫೋನಿನ ತೆರೆಯ ಮೇಲೆ, ಬಸ್ಸು ಸಾಗಿದಂತೆಲ್ಲ, ಊರುಗಳ ಹೆಸರು ತಾವಾಗಿಯೇ ಬದಲಾಗುತ್ತಿದ್ದವು. ನಾನದನ್ನು ಮಾವನ ಚಮತ್ಕಾರವೆಂದು ನಂಬಿದ್ದೆ. ಅದೂ ಇದೇ ಡಂಗುರದ ಒಂದು ಬಗೆಯೆಂದು ಭಾವ ಹೇಳಿದ ಮೇಲೆ ಮಾವನ ಪ್ರತಿಷ್ಠೆ ಕೊಂಚ ತಗ್ಗಿತು.

ತೊಡಕಿರುವುದು ಇನ್ನೊಂದೆಡೆ. ಕಡೂರಿನಿಂದ ಹೊರಟ ರೈಲು ಬೀರೂರಿನಲ್ಲಿ ಕವಲೊಡೆಯುವ ಹಳಿಗಳಲ್ಲಿ ಒಂದನ್ನೇ ಹಿಡಿಯಬೇಕು: ಅಜ್ಜಂಪುರದ ದಾರಿ ಒಂದು, ತರೀಕೆರೆಯ ದಾರಿ ಇನ್ನೊಂದು. ಎರಡೂ ಊರಿಗೆ ಸುದ್ದಿ ಮುಟ್ಟಬೇಕಾದರೆ ಎರಡು ಗಾಡಿಗೂ ಕೊಡಬೇಕು. ಹಾಗೆಯೇ ಒಂದೇ ಎಚ್ಚರಿಕೆಯನ್ನು ಪ್ರತಿಯೊಂದು ಕಂಪನಿಯ ಜಾಲಕ್ಕೂ, ಆ ಜಾಲದೊಳಗೆ 2ಜಿ, 4ಜಿ, 5ಜಿ ಎಂಬ ಪ್ರತಿಯೊಂದು ಹಳಿಗೂ ಬೇರೆ ಬೇರೆಯಾಗಿ ಒಪ್ಪಿಸಬೇಕು. 2ಜಿಯಲ್ಲಿ ಹಲವು ಗೋಪುರಗಳನ್ನಾಳುವ ಒಂದು ನಿಯಂತ್ರಕವಿದೆ. ಸಂದೇಶ ಅದರ ಮೂಲಕ ಹೋಗಬೇಕು. 4ಜಿಯಲ್ಲಿ ಈ ನಡುವಣ ಶಾನುಭೋಗನಿಲ್ಲ. ಗೋಪುರವು ಮೊದಲು ನಿದ್ರಿಸುವ ಫೋನುಗಳನ್ನು ತಟ್ಟಿ ಎಬ್ಬಿಸಿ, ಆಮೇಲೆ ಸಂದೇಶವನ್ನು ಓದಿಸುತ್ತದೆ. 2ಜಿಯ ಒಂದು ಪುಟದಲ್ಲಿ 93 ಇಂಗ್ಲಿಷ್ ಅಕ್ಷರಗಳು ಹಿಡಿಸುತ್ತವೆ. ಹೆಚ್ಚೆಂದರೆ 15 ಪುಟ. ಕನ್ನಡವಾದರೆ ಪುಟಕ್ಕೆ 40ರಷ್ಟು ಸಂಕೇತಗಳು ಮಾತ್ರ, ಅದರಲ್ಲಿಯೂ ಗುಣಿತಕ್ಕೊಂದು, ಒತ್ತಿಗೊಂದು ಬೇರೆ ಲೆಕ್ಕ. ನಮ್ಮ ಭಾಷೆಯ ಒತ್ತಕ್ಷರಗಳ ಚೆಲುವಿಗೆ ತೆರಬೇಕಾದ ಸುಂಕವೆಂದು ಇದನ್ನು ತಿಳಿಯಬಹುದೇನೋ!

2025ರ ಭರಣಿ ಮಳೆಯ ಒಂದು ಸಂಜೆ ನಮ್ಮ ಹೊಲದ ಹುಣಸೆಮರಕ್ಕೆ ಸಿಡಿಲು ಹೊಡೆಯಿತು. ಮರದ ಕೆಳಗೆ ಕಟ್ಟಿದ್ದ ಜೋಡಿಯಲ್ಲಿ ಬಲಗಡೆಯ ಎತ್ತು ಸತ್ತಿತು. ಅಪ್ಪ ಆಗತಾನೆ ನೀರು ಕುಡಿಯಲು ಬದುವಿನಾಚೆಗೆ ಹೋಗಿದ್ದರು. ನಾನು ಊರಿಗೆ ಓಡಿದೆ. ಮರುದಿನ ಬೆಳಿಗ್ಗೆ ಸಾಲದ ಮಾತಿಗಾಗಿ ಅಪ್ಪನೂ ನಾನೂ ಕೆರೆಯ ಏರಿಯ ಮೇಲೆ ಹೋಗುತ್ತಿದ್ದಾಗ (ನಮ್ಮಲ್ಲಿ ಸಿಗ್ನಲ್ಲು ಸರಿಯಾಗಿ ಸಿಗುವುದು ಅಲ್ಲಿಯೇ) ಅಪ್ಪನ ಫೋನು ಕುಂಯ್ ಎಂದಿತು. ತೆರೆಯ ತುಂಬ ಚೌಕ ಚೌಕ. ಕನ್ನಡ ಬಾರದ ಗುಂಡಿ ಫೋನದು. "ಕಂಪನಿಯೋರದ್ದು ಬಿಡು" ಎಂದರು. ನಾನದನ್ನು ನನ್ನ ಫೋನಿಗೆ ಕಳುಹಿಸಿಕೊಂಡು ಓದಿದೆ: ಗುಡುಗು ಸಿಡಿಲಿನ ಸಂಭವವಿದೆ, ಮರದ ಕೆಳಗೆ ನಿಲ್ಲಬೇಡಿ. ಹಿಂದಿನ ದಿನ ಮಧ್ಯಾಹ್ನ ಕಳುಹಿಸಿದ ಕಾರ್ಡು ಅದು. ಅಪ್ಪನಿಗೆ ಓದಿ ಹೇಳಲೋ ಬೇಡವೋ ಎಂದು ಒಂದು ಗಳಿಗೆ ತಡೆದೆ, ಆಮೇಲೆ ಹೇಳಿದೆ. ಅವರು ಏನೂ ಆಡಲಿಲ್ಲ. ಉಳಿದ ಎತ್ತಿಗೆ ಜೊತೆ ಎಲ್ಲಿ ಸಿಕ್ಕೀತು ಎಂಬ ಮಾತೆತ್ತಿದರು.

ಅದೇ ವಾರ ಭಾವ ಬಂದು ಆ ಫೋನನ್ನು ಕೈಗೆತ್ತಿಕೊಂಡರು. ಅದು ಹಿಡಿಯುವುದು 2ಜಿ ಮಾತ್ರ. ಡಂಗುರ ಕೇಳುವ ಕಿಂಡಿಯೊಂದು ಅದರ ಪಟ್ಟಿಯ ತಳದಲ್ಲಿತ್ತು, ಆದರೆ ಕೊಂಡಂದಿನಿಂದ ಮುಚ್ಚಿಯೇ ಇತ್ತು. ಅಪ್ಪನಿಗಾಗಲಿ ಓದಿದವನಾದ ನನಗಾಗಲಿ ಯಾರೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಭಾವ ಅದನ್ನು ತೆರೆದಿದ್ದಾರೆ. ಕೂಗುವುದೋ ಇಲ್ಲವೋ ಮುಂದಿನ ಡಂಗುರದ ದಿನವೇ ತಿಳಿಯಬೇಕು.

ಅಲ್ಲಿಯವರೆಗೆ ನಾವೊಂದು ಏರ್ಪಾಡು ಮಾಡಿಕೊಂಡಿದ್ದೇವೆ. ಮಳೆಗಾಲದ ಎಚ್ಚರಿಕೆ ನನ್ನ ಫೋನಿಗೆ ಬಂದರೆ ತರಗತಿಯಿಂದ ಹೊರಗೆ ಬಂದು ಅಪ್ಪನನ್ನು ಕರೆಯುತ್ತೇನೆ (ಉಪನ್ಯಾಸಕರು ಕ್ಷಮಿಸುತ್ತಿದ್ದಾರೆ). ಅಪ್ಪ ಸಿಗದಿದ್ದರೆ ಏರಿಯ ಪಕ್ಕದ ಚಹಾದಂಗಡಿಗೆ. ಆ ಅಂಗಡಿಯಾತ ಹೊರಗೆ ಬಂದು, ಬಾಯಿಗೆ ಕೈ ಅಡ್ಡ ಹಿಡಿದು, ಹೊಲಗಳ ಕಡೆಗೆ ತಿರುಗಿ ಅಪ್ಪನ ಹೆಸರು ಹಿಡಿದು ಕೂಗುತ್ತಾನೆ. ಅಪ್ಪ ಓಗೊಡುವವರೆಗೂ ಕೂಗುತ್ತಾನೆ.