112ರ ಮಿತಿ

ಶಿರೂರು ಅಂದರೆ ನಮ್ಮ ಕಡೆಯವರು "ಬೈಂದೂರಿನ ಹತ್ತಿರದ್ದಾ, ಬಾಗಲಕೋಟೆಯದ್ದಾ?" ಎಂದು ಕೇಳುತ್ತಾರೆ. ನಾನಿರುವುದು ಪುಣೆ ಜಿಲ್ಲೆಯ ಶಿರೂರಿನಲ್ಲಿ, ಘೋಡ್ ನದಿಯ ದಡದಲ್ಲಿ. ಹೆಂಡತಿಗೆ ರಾಂಜಣಗಾಂವ್ ಎಂಐಡಿಸಿಯಲ್ಲಿ ಕೆಲಸ. ನಾನು ಮನೆಯಿಂದಲೇ ಕೋಡ್ ಬರೆಯುವವನು.

ಒಂದು ಭಾನುವಾರ ಟೆನಿಸ್ ಬಾಲ್ ಕ್ರಿಕೆಟ್‌ನಲ್ಲಿ ಒಂದೇ ಕ್ಯಾಚಿಗೆ ಇಬ್ಬರು ಓಡಿದೆವು. ಅವನ ಮೊಣಕೈ ನನ್ನ ಕಿವಿಯ ಮೇಲೆ ಬಡಿಯಿತು. ಪ್ರಜ್ಞೆ ತಪ್ಪಲಿಲ್ಲ, ಸ್ಕ್ಯಾನ್‌ನಲ್ಲೂ ಏನೂ ಇರಲಿಲ್ಲ. ಆದರೆ ಲ್ಯಾಪ್‌ಟಾಪ್ ತೆರೆದ ಹತ್ತೇ ನಿಮಿಷಕ್ಕೆ ತಲೆ ಸಿಡಿಯುತ್ತಿತ್ತು. ಬೆಳಿಗ್ಗೆ ನಾನೇ ಬರೆದ ಕೋಡ್ ಸಂಜೆಗೆ ಯಾರದೋ ಅನ್ನಿಸುತ್ತಿತ್ತು. ಕಂಕಷನ್ ಎಂದರು.

ವಿಜಯಪುರದಿಂದ ಅವ್ವ ಫೋನಿನಲ್ಲಿ, "ಸುಮ್ನ ಮಕ್ಕೊ ತಮ್ಮಾ" ಅಂದಳು. ಹನ್ನೆರಡು ದಿನ ಪರದೆ ಎಳೆದು ಮಲಗಿದೆ. ನೋವು ಹೋಗಲಿಲ್ಲ, ನಿದ್ದೆಯೂ ಕೆಟ್ಟಿತು. ಮಗಳು ನಕ್ಕಿದ್ದಕ್ಕೂ ರೇಗಿದೆ. ಇದೇ ತಲೆಯಿಂದ ನಮಗೆ ಅನ್ನ ಹುಟ್ಟಬೇಕು, ಇದು ಸರಿಯಾಗದಿದ್ದರೆ?

2021ರಲ್ಲಿ ನಾಟಿಂಗ್‌ಹ್ಯಾಮ್ ಟೆಸ್ಟಿಗೆ ಮುನ್ನ ನೆಟ್ಸ್‌ನಲ್ಲಿ ಸಿರಾಜ್ ಎಸೆದ ಚೆಂಡು ಹೆಲ್ಮೆಟ್ಟಿಗೆ ಬಡಿದು ನಮ್ಮ ಮಯಾಂಕ್ ಅಗರ್ವಾಲ್ ಹೊರಗುಳಿದದ್ದು ಆಗ ನೆನಪಾಯಿತು. ಆ ಪಂದ್ಯದಲ್ಲಿ ಆರಂಭಿಕನಾಗಿ ಬಂದ ಕೆ.ಎಲ್. ರಾಹುಲ್ 84 ಹೊಡೆದಾಗ ಕುಣಿದವನು ನಾನು. ಹೊರಗೆ ಕೂತ ಮಯಾಂಕ್ ಹೇಗಿದ್ದಿರಬಹುದು ಎಂದು ಯೋಚಿಸಿಯೇ ಇರಲಿಲ್ಲ.

ಪುಣೆಯ ವೈದ್ಯೆಯೊಬ್ಬರು ನನ್ನನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ನಿಮಿಷಕ್ಕೊಮ್ಮೆ ಏರು ಹೆಚ್ಚಿಸಿದರು. ನಾಡಿ 140 ಮುಟ್ಟಿದಾಗ ತಲೆನೋವು ಏರಿತು, ನಿಲ್ಲಿಸಿದರು. "ಅದರ ಶೇ. 80 ಅಂದರೆ 112. ದಿನಾ 20 ನಿಮಿಷ ನಡೆಯಿರಿ, 112 ದಾಟಬೇಡಿ."

ಇದು ಬಫಲೋ ವಿಶ್ವವಿದ್ಯಾಲಯದ ಜಾನ್ ಲೆಡ್ಡಿ ಮತ್ತು ಸಂಗಡಿಗರು ರೂಪಿಸಿದ ವಿಧಾನ. 2019ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ವ್ಯಾಯಾಮ ಮಾಡಿದ ಹದಿಹರೆಯದ ಆಟಗಾರರಲ್ಲಿ ಅರ್ಧದಷ್ಟು ಮಂದಿ 13 ದಿನದೊಳಗೆ ಚೇತರಿಸಿಕೊಂಡರು. ಬರೀ ಸ್ಟ್ರೆಚಿಂಗ್ ಮಾಡಿದವರಿಗೆ 17 ದಿನ ಹಿಡಿಯಿತು. 2023ರ ಆಮ್‌ಸ್ಟರ್‌ಡ್ಯಾಮ್ ಒಮ್ಮತದ ಹೇಳಿಕೆಯೂ ಒಂದೆರಡು ದಿನದ ವಿಶ್ರಾಂತಿ ಸಾಕು, ಆಮೇಲೆ ಹಗುರವಾಗಿ ಚಲಿಸಿ ಎನ್ನುತ್ತದೆ. ಆದರೆ ವಾಂತಿ, ಮಂಪರು, ಹೆಚ್ಚುತ್ತಲೇ ಹೋಗುವ ತಲೆನೋವು ಇದ್ದರೆ ನಡಿಗೆಯಲ್ಲ, ನೇರ ಆಸ್ಪತ್ರೆ.

ಮರುದಿನದಿಂದ ಬೆಳಗಿನ ಚಳಿಯಲ್ಲಿ ನದಿಯ ಕಡೆ ಹೊರಟೆ. ಕೋಲು ಹಿಡಿದ ಅಜ್ಜರೂ ನನ್ನನ್ನು ದಾಟಿ ಹೋಗುತ್ತಿದ್ದರು. ನಾಲ್ಕನೇ ದಿನ ನಾಚಿಕೆಯಾಗಿ ಬಿರುಸಾಗಿ ನಡೆದೆ. ವಾಚ್ 125 ತೋರಿಸಿತು. ಇಡೀ ಸಂಜೆ ಮಲಗಿಯೇ ಕಳೆದೆ. ಮಲಗುವುದೂ ಸುಲಭ, ಓಡುವುದೂ ಸುಲಭ. ಕಷ್ಟವಾದದ್ದು 112ರಲ್ಲಿ ಇರುವುದು.

ಎರಡು ವಾರದ ಬಳಿಕ ಮತ್ತೆ ಪರೀಕ್ಷಿಸಿ ಮಿತಿ ಏರಿಸಿದರು. ಐದನೇ ವಾರ ಎರಡು ಗಂಟೆ ಒಂದೇ ಸಮನೆ ಕೋಡ್ ಬರೆದೆ. ಪಕ್ಕದ ಕೋಣೆಯಲ್ಲಿ ಮಗಳು ಕಾರ್ಟೂನ್ ನೋಡಿ ಜೋರಾಗಿ ನಗುತ್ತಿದ್ದಳು. ಬಾಗಿಲು ಹಾಕಲಿಲ್ಲ.