ಗವಿಮಠದ ಮಹಾದಾಸೋಹ

ಕೊಪ್ಪಳವು ಗದಗ–ಹೊಸಪೇಟೆ ರೈಲುಮಾರ್ಗದಲ್ಲಿ, ಬಂಡೆಗಲ್ಲಿನ ಬೆಟ್ಟಗಳ ನಡುವೆ ಇರುವ ಊರು. ಇಲ್ಲಿನ ಗವಿಮಠದ ಬೆಟ್ಟದ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. ಅದೇ ಬೆಟ್ಟದ ಮಡಿಲಲ್ಲಿ ಶ್ರೀ ಗವಿಸಿದ್ಧೇಶ್ವರರ ಗದ್ದುಗೆಯಿದೆ. ಪ್ರತಿವರ್ಷ ಪುಷ್ಯ ಬಹುಳ ಬಿದಿಗೆಯ ಸಂಜೆ ಮಹಾರಥೋತ್ಸವ ಜರುಗುತ್ತದೆ. ತೇರಿಗೆ ಉತ್ತತ್ತಿ ಎಸೆದು ಕೈಮುಗಿದ ನಾವು, ಜನಸಾಗರದೊಡನೆ ದಾಸೋಹ ಮಂಟಪದತ್ತ ನಡೆದೆವು.

ಈ ದಾಸೋಹದ ಸಿದ್ಧತೆ ಮಠದ ಪಾಕಶಾಲೆಗಿಂತ ಮೊದಲು ಹಳ್ಳಿಯ ಒಲೆಗಳ ಮುಂದೆ ಆರಂಭವಾಗುತ್ತದೆ. ಅತ್ತೆ, ಸೊಸೆ, ನೆರೆಮನೆಯವರು ಒಟ್ಟಾಗಿ ಕುಳಿತು ಜೋಳದ ರೊಟ್ಟಿ ಬಡಿದು, ಬೇಯಿಸಿ, ಒಣಗಿಸಿ ಖಡಕ್ ಮಾಡುತ್ತಾರೆ. ತೇವವಾರಿದ ರೊಟ್ಟಿ ಹಲವು ದಿನ ಕೆಡದು. ಆದುದರಿಂದಲೇ ಅನೇಕ ಊರುಗಳ ರೊಟ್ಟಿ ಒಂದೆಡೆ ಕೂಡಲು ಸಾಧ್ಯ. ಗೋಧಿ, ಬೆಲ್ಲ, ಏಲಕ್ಕಿ ಬೆರೆತ ಮಾದಲಿಯೂ ಹೀಗೆಯೇ ಬಾಳಿಕೆ ಬರುವ ಸಿಹಿ. ಭಜನೆ, ಡೊಳ್ಳುಗಳೊಡನೆ ಬಂಡಿ, ಟ್ರ್ಯಾಕ್ಟರುಗಳಲ್ಲಿ ಇವು ಮಠಕ್ಕೆ ಬರುತ್ತವೆ. ದವಸ, ತರಕಾರಿ, ಹಾಲು ತರುವವರೂ ಉಂಟು. ಏನೂ ತರಲಾಗದವರು ಬಡಿಸಲು, ಪಾತ್ರೆ ತೊಳೆಯಲು ನಿಲ್ಲುತ್ತಾರೆ.

ಲಕ್ಷಗಟ್ಟಲೆ ರೊಟ್ಟಿಗಳ ಆ ರಾಶಿಯಲ್ಲಿ ಸಾಹುಕಾರರ ಮನೆಯದು ಯಾವುದು, ಕೂಲಿಯವರ ಮನೆಯದು ಯಾವುದು? ಗುರುತಿಸಬಲ್ಲವರಿಲ್ಲ. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ, ಪಡೆಯುವ ಕೈ ಕೆಳಗಿರುತ್ತದೆ. ದಾಸೋಹದಲ್ಲಾದರೋ ಕೊಟ್ಟವನೂ ಅದೇ ಸಾಲಿನಲ್ಲಿ ಕುಳಿತು, ಯಾರೋ ಕಾಣದ ತಾಯಿ ಬಡಿದ ರೊಟ್ಟಿಯನ್ನು ಪ್ರಸಾದವೆಂದು ಉಣ್ಣುತ್ತಾನೆ. 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಾದಿ ಶರಣರು ಕಾಯಕದೊಡನೆ ದಾಸೋಹವನ್ನು ಜೋಡಿಸಿದ ಮರ್ಮ ಇದೇ ಅಲ್ಲವೇ? ದುಡಿದದ್ದು ತನ್ನದೆಂಬ ಹಮ್ಮು ಅಳಿದು, ನಾನು ದಾಸನೆಂಬ ಭಾವ ಉಳಿಯಬೇಕು.

ಆದರೆ ನಮ್ಮ ಮನೆಗಳ ಮದುವೆ, ಗೃಹಪ್ರವೇಶಗಳಲ್ಲಿ ನಡೆಯುತ್ತಿರುವುದೇನು? ಗಣ್ಯರಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಎಲೆ. ಚಪ್ಪರ ಕಟ್ಟಿದವರಿಗೆ, ಪಾತ್ರೆ ತೊಳೆದವರಿಗೆ ಹೊತ್ತು ಮೀರಿದ ಮೇಲೆ ಉಳಿದ ಊಟ. ಭಕ್ಷ್ಯಗಳು ಹೆಚ್ಚಿದಂತೆ ಎಲೆಯಲ್ಲಿ ಬಿಟ್ಟೇಳುವ ಅನ್ನವೂ ಹೆಚ್ಚುತ್ತಿದೆ. ಇಷ್ಟಲಿಂಗ ಧರಿಸಿದ ನಾವು ಪಂಕ್ತಿಭೇದವನ್ನು ಬೇರೊಂದು ಬಾಗಿಲಿನಿಂದ ಒಳಗೆ ಕರೆದುಕೊಂಡರೆ ಶರಣರ ಹೆಸರು ಹೇಳಿ ಫಲವೇನು?

ಸದ್ಭಕ್ತರು ಒಮ್ಮೆ ಮಕ್ಕಳೊಡನೆ ಈ ಜಾತ್ರೆಗೆ ಹೋಗಿಬರಲಿ. ಅವರನ್ನು ಆ ಸಾಲಿನಲ್ಲಿ ಕುಳ್ಳಿರಿಸಿ ಉಣಿಸಲಿ. ಉಂಡ ಬಳಿಕ ಅವರ ಕೈಗೆ ರೊಟ್ಟಿಯ ಬುಟ್ಟಿಯನ್ನೂ ಕೊಡಲಿ. ಮುಂದೆ ಮನೆಯಲ್ಲಿ ಶುಭಕಾರ್ಯ ಬಂದಾಗ, ಯಾರು ಯಾರ ಪಕ್ಕದಲ್ಲಿ ಕೂಡಬೇಕೆಂಬುದನ್ನು ಆ ಮಕ್ಕಳೇ ನಮಗೆ ಹೇಳಿಯಾರು.